ನನ್ನ ಬಾಯಿಂದ ಬಿದ್ದ ಕೆಂಪು ಗುರುತು

ಸ್ಕೂಲು ಶುರುವಾಗಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದೆ. ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗಿಯೊಬ್ಬಳು ಬಂದು, ಚಪ್ಪಲಿ ಬಿಟ್ಟು, ಸರಿಯಾಗಿ ನನ್ನ ಮೊರದ ಎದುರಿಗೇ ಕೂತಳು. ಕೈಯಲ್ಲಿ ಸ್ಲೇಟಿನಷ್ಟು ದೊಡ್ಡ ಫೋನು. ಕೇರುವವರ ಎದುರು ಕೂತರೆ ಹೊಟ್ಟು, ಧೂಳೆಲ್ಲ ಮುಖಕ್ಕೆ ಬರುತ್ತದೆ ಅನ್ನುವುದೂ ಆ ಹುಡುಗಿಗೆ ಗೊತ್ತಿರಲಿಲ್ಲ. ಎರಡು ಸಲ ಕಣ್ಣು ಉಜ್ಜಿಕೊಂಡ ಮೇಲೆ ನಾನೇ, "ಈ ಕಡೀಕ್ ಬಾ ಮಗ" ಅಂತ ಪಕ್ಕಕ್ಕೆ ಕೂರಿಸಿಕೊಂಡೆ.

ಮೊಮ್ಮಗಳು ಓದುವ ಹೈಸ್ಕೂಲಿಗೆ ಈ ವರ್ಷ ಒಂದು ಹೊಸ ಕಾರ್ಯಕ್ರಮ ಬಂದಿದೆಯಂತೆ. ಮಕ್ಕಳ ಮನಸ್ಸಿಗೆ ನೆಮ್ಮದಿ ಕಲಿಸುತ್ತಾರಂತೆ. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ಉಸಿರು ನೋಡಿಕೊಳ್ಳಬೇಕು. ಒಂದು ಪುಟ್ಟ ಕಂಚಿನ ಬಟ್ಟಲಿಗೆ ಕೋಲಿನಿಂದ ಟಣ್ಣೆನ್ನಿಸಿದರೆ ಶುರು, ಮತ್ತೆ ಟಣ್ಣೆನ್ನಿಸಿದರೆ ಮುಗಿಯಿತು. ಅದರಿಂದ ಮಕ್ಕಳಿಗೆ ಏನು ಉಪಯೋಗ ಆಯಿತು ಅಂತ ವರ್ಷಕ್ಕೆ ಮೂರು ಸಲ ಅಳೆಯುತ್ತಾರಂತೆ. ಮಕ್ಕಳನ್ನೂ ಕೇಳುತ್ತಾರೆ, ಮನೆಯವರನ್ನೂ ಕೇಳುತ್ತಾರೆ. ಮೊದಲ ಅಳತೆಗೆ ಈ ಹುಡುಗಿ ಬಂದಿದ್ದಳು. ಮಗ ಗೂಡ್ಸ್ ಆಟೋ ತೆಗೆದುಕೊಂಡು ಪಿರಿಯಾಪಟ್ಟಣಕ್ಕೆ ಹೋಗಿದ್ದ. ಸೊಸೆ ಹುಣಸೂರಿನ ಗಾರ್ಮೆಂಟ್ಸಿನ ವ್ಯಾನು ಹತ್ತಿದ್ದಳು. ಉಳಿದವಳು ನಾನು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಹೆಸರು ಬರೆಯುತ್ತೇನೆ, ಪೇಪರು ಓದುತ್ತೇನೆ, ಸಾಕಲ್ಲ.

"ಮಗು ಚೆನ್ನಾಗಿ ಊಟ ಮಾಡ್ತಾಳಾ ಅಜ್ಜಿ?"

"ಎಲ್ಲಿ ಊಟ? ಕೋಳಿ ಕುಕ್ದಂಗೆ ಕುಕ್ಕಿ ಎದ್ದೋಯ್ತದೆ."

"ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಾಳಾ?"

"ನಿದ್ದೆ ಎಲ್ಲಿ ಬಂತು. ಬರೀ ಒರಳಾಟ."

"ಮನೇಲಿ ಖುಷಿಯಾಗಿರ್ತಾಳಾ?"

"ಮೂತಿ ಊದಿಸ್ಕಂಡಿರ್ತದೆ ಕಣವ್ವ."

"ಸ್ನೇಹಿತೆಯರ ಜೊತೆ ಹೊಂದ್ಕೊಂಡು ಹೋಗ್ತಾಳಾ?"

"ಅದನ್ನ ಯಾರ್ ಸೇರಿಸ್ಕತಾರೆ ಬುಡು."

ಪ್ರತಿ ಪ್ರಶ್ನೆಗೂ ಯಾವಾಗಲೂ, ಆಗಾಗ, ಯಾವತ್ತೂ ಇಲ್ಲ ಅಂತ ಮೂರು ಮನೆ ಇದ್ದವು. "ಇದರಲ್ಲಿ ಯಾವುದು ಹಾಕ್ಲಿ?" ಅಂತ ಕೇಳುತ್ತಿದ್ದಳು. "ಯಾವ್ದು ಕಮ್ಮೀದೋ ಅದ್ನೇ ಆಕ್ಕೊ" ಅನ್ನುತ್ತಿದ್ದೆ. ಹಾಕಿಕೊಂಡಳು. ಕೊನೆಗೆ ನನ್ನ ಕೈ ಹಿಡಿದು, "ನಿಮಗೆ ತುಂಬಾ ಕಷ್ಟ ಅಲ್ವಾ ಅಜ್ಜಿ" ಅಂದಳು. ಪಾಪ, ಬಿಸಿಲಲ್ಲಿ ತಿರುಗಿ ತಲೆ ಕೆಟ್ಟಿರಬೇಕು ಅಂತ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದೆ.

ಆವತ್ತು ಬೆಳಿಗ್ಗೆ ಮೊಮ್ಮಗಳು ಬಸ್ಸಾರಿನಲ್ಲಿ ಎರಡು ಮುದ್ದೆ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದಳು. ಮಲಗಿದರೆ ಕಿವಿಯ ಹತ್ತಿರ ತಟ್ಟೆ ಬಡಿದರೂ ಏಳುವವಳಲ್ಲ. ಗೆಳತಿಯರು ಮನೆ ಬಾಗಿಲಿಗೆ ಬಂದು ಕೂಗುವ ಕೂಗಿಗೆ ನನ್ನ ಕೋಳಿಗಳು ಒಂದೂ ನೆಟ್ಟಗೆ ಕಾವು ಕೂರುವುದಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಗುರುತಿಲ್ಲದವರು ಬಂದು ನಿಮ್ಮ ಕೂಸು ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅನ್ನುವವರು ಯಾರು? ನಮ್ಮ ಕಡೆ ಯಾರೂ ಇಲ್ಲ. ಕರೆಯುವ ಹಸುವನ್ನೇ ಇನ್ನೊಬ್ಬರ ಎದುರು "ಏನೋ ಐತೆ ಬುಡಿ" ಅನ್ನುತ್ತೇವೆ, ಇನ್ನು ಕೂಸಿನ ವಿಚಾರದಲ್ಲಿ ಬಾಯಿ ಬಿಡುತ್ತೇವೆಯೇ? ನನ್ನ ಅಣ್ಣ ಹುಟ್ಟಿದಾಗ, ಮುಂಚೆ ಎರಡು ಹೋಗಿದ್ದವು ಅಂತ, ಅವನನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು, ಪಕ್ಕದ ಮನೆಯವರ ಕೈಯಿಂದ ಒಂದು ಹಿಡಿ ತೌಡಿಗೆ ಕೊಂಡುಕೊಂಡಿದ್ದರಂತೆ. ಯಾರಿಗೂ ಬೇಡವಾದ ಕೂಸು ಅಂತ ಅನ್ನಿಸಬೇಕು, ಅದಕ್ಕೆ. ಆ ಅಣ್ಣ ಈಗಲೂ ಗಟ್ಟಿಮುಟ್ಟಾಗಿ ಬೀಡಿ ಸೇದಿಕೊಂಡು ಇದ್ದಾನೆ. ಅಲ್ಲ, ಗಟ್ಟಿಮುಟ್ಟು ಅಂತಲೂ ಬರೆಯಬಾರದಿತ್ತು. ಏನೋ ಇದ್ದಾನೆ.

ಈ ದೃಷ್ಟಿ ಗಿಷ್ಟಿ ಎಲ್ಲ ನಂಬುತ್ತೀಯಾ ಅಂತ ಸೊಸೆ ಕೇಳುತ್ತಾಳೆ. ನಾನು ನಂಬುತ್ತೇನೋ ಇಲ್ಲವೋ, ನನ್ನ ಬಾಯಿ ನಂಬುತ್ತದೆ. ಈ ಮೊಮ್ಮಗಳು ಒಂಬತ್ತು ತಿಂಗಳ ಕೂಸಾಗಿದ್ದಾಗ ಹುಣಸೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನವಳು ಕೆನ್ನೆ ಹಿಂಡಿ, "ಅಬ್ಬಾ, ಏನ್ ತುಂಬ್ಕಂಡೈತೆ ಬೆಣ್ಣೆ ಮುದ್ದೆ ಥರ" ಅಂದಳು. ಆವತ್ತು ಸಾಯಂಕಾಲದಿಂದ ವಾಂತಿ, ಭೇದಿ, ಜ್ವರ. ನಾಲ್ಕು ದಿನ ಆಸ್ಪತ್ರೆಯಲ್ಲಿ ಡ್ರಿಪ್ಸು ಹಾಕಿಸಿಕೊಂಡು ಬಂದೆವು. ಡಾಕ್ಟರು ನೀರಿನಿಂದ ಬಂದದ್ದು ಅಂದರು. ನೀರೇ ಇರಬಹುದು. ಆ ನೀರನ್ನು ಮನೆಯವರೆಲ್ಲ ಕುಡಿದಿದ್ದೆವು.

ಅಳತೆ ಹುಡುಗಿ ಹೋದ ಮೇಲೆ ನಾನು ಅದನ್ನು ಮರೆತೇಬಿಟ್ಟೆ. ಎರಡು ವಾರ ಕಳೆದಿರಬೇಕು. ಒಂದು ಶುಕ್ರವಾರ ಮೊಮ್ಮಗಳು ಸ್ಕೂಲಿಂದ ಬಂದವಳೇ ಬ್ಯಾಗನ್ನು ಕಂಬಕ್ಕೆ ಎಸೆದಳು.

"ಅಜ್ಜಿ, ನೀನೇನ್ ಏಳ್ದೆ ಆ ಮಿಸ್ಸಿಗೆ?"

"ಯಾವ್ ಮಿಸ್ಸಿಗೆ?"

"ಮಜ್ಜಿಗೆ ಕೊಟ್ಯಂತಲ್ಲ, ಅವ್ರಿಗೆ. ನೆಮ್ಮದಿ ಇಲ್ದೋರ್ ಕೆಂಪು ಪಟ್ಟಿಗೆ ನನ್ನ ಆಕ್ಬುಟ್ರು. ಮಂಗಳವಾರ ಶುಕ್ರವಾರ ಕೆಂಪಿನೋರೆಲ್ಲ ಬೆಲ್ಲಾದ್ ಮೇಲೆ ಸೈನ್ಸ್ ರೂಮಲ್ಲಿ ಕಣ್ಮುಚ್ಕಂಡ್ ಕೂರ್ಬೇಕಂತೆ."

"ಕೂತ್ಕೊ. ಏನ್ ಗಂಟೋಯ್ತದೆ?"

"ಏನಾ? ಖೊಖೊ ಪ್ರಾಕ್ಟೀಸು ಅದೇ ಮಂಗಳವಾರ, ಅದೇ ಶುಕ್ರವಾರ. ಮಿಕ್ಕಿದ್ ದಿನ ಫೀಲ್ಡು ಕಬಡ್ಡಿಯೋರ್ದು. ಪ್ರಾಕ್ಟೀಸಿಗೆ ಬರ್ದಿದ್ರೆ ಟೀಮಲ್ಲಿಲ್ಲ ಅಂದ್ರು ಪಿ.ಟಿ. ಮೇಷ್ಟ್ರು."

ಖೊಖೊ ಅಂದರೆ ಮೊಮ್ಮಗಳಿಗೆ ಊಟಕ್ಕಿಂತ ಹೆಚ್ಚು. ಏಳನೇ ಕ್ಲಾಸಿನಿಂದ ಅದೇ ಹುಚ್ಚು. ಹಿತ್ತಿಲ ಬೇಲಿಯ ಗೂಟಗಳ ನಡುವೆ ಸುತ್ತಿ ಸುತ್ತಿ ನೆಲ ಸವೆಸಿದ್ದಾಳೆ. ಎಂಟನೇ ಕ್ಲಾಸಿಗೆ ಬಂದ ಮೇಲೆ ದೊಡ್ಡ ಹುಡುಗಿಯರ ಟೀಮಿಗೆ ಇವಳೊಬ್ಬಳನ್ನೇ ಮೇಷ್ಟ್ರು ತೆಗೆದುಕೊಂಡಿದ್ದರು. ಆಗಸ್ಟಿನಲ್ಲಿ ಹೋಬಳಿ ಪಂದ್ಯ. ಅಲ್ಲಿ ಗೆದ್ದರೆ ಪಿರಿಯಾಪಟ್ಟಣ, ಅಲ್ಲಿ ಗೆದ್ದರೆ ಮೈಸೂರು. ಇಷ್ಟನ್ನೂ ನನಗೆ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು.

"ನಾನ್ ಯಾಕಂಗೇಳ್ದೆ ಅಂತ ನಿಂಗೊತ್ತಿಲ್ವಾ?" ಅಂದೆ.

"ನಂಗೊತ್ತು. ಆ ಫೋನಿಗ್ ಗೊತ್ತಾ?" ಅಂದು ಒಳಗೆ ಹೋಗಿ ಬಾಗಿಲು ಬಡಿದುಕೊಂಡಳು.

ಮಂಗಳವಾರ ನಾನೇ ಸ್ಕೂಲಿಗೆ ಹೋದೆ. ಸಂತೆಗೆ ಹೋಗುವ ಆಟೋ ಹತ್ತಿ ಅರ್ಧ ದಾರಿ, ಮಿಕ್ಕಿದ್ದು ನಡಿಗೆ. ಹೆಡ್ ಮೇಷ್ಟ್ರು ಕುರ್ಚಿ ತೋರಿಸಿ, "ಅಜ್ಜಿ, ಇದು ನಮ್ಮ ಕೈಲಿಲ್ಲ. ಮೇಲಿಂದ ಬಂದದ್ದು" ಅಂದರು. ಪಿ.ಟಿ. ಮೇಷ್ಟ್ರು, "ನಂಗೂ ಹೊಟ್ಟೆ ಉರೀತದೆ ಕಣಮ್ಮ, ಆದ್ರೆ ಒಬ್ಳಿಗೆ ಬಿಟ್ರೆ ಎಲ್ಲಾರ್ಗೂ ಬಿಡ್ಬೇಕು" ಅಂದರು. ಇಬ್ಬರೂ ಒಳ್ಳೆಯವರೇ. ಕೆಲಸಕ್ಕೆ ಬಾರದ ಒಳ್ಳೆಯವರು.

ಸೈನ್ಸ್ ರೂಮಿನ ಕಿಟಕಿಯಲ್ಲಿ ಇಣುಕಿದೆ. ಚಾಪೆಯ ಮೇಲೆ ಒಂದೆಂಟು ಹತ್ತು ಮಕ್ಕಳು ಕಣ್ಣು ಮುಚ್ಚಿ ಕೂತಿದ್ದವು. ನನ್ನ ಮೊಮ್ಮಗಳ ಹುಬ್ಬು ಗಂಟು ಹಾಕಿತ್ತು. ಮೈದಾನದಿಂದ "ಖೋ! ಖೋ!" ಅಂತ ಕೂಗು ಕೇಳಿದಾಗಲೆಲ್ಲ ಮಂಡಿ ಅಲ್ಲಾಡುತ್ತಿತ್ತು. ಅವಳ ಪಕ್ಕದಲ್ಲಿ ವೀರನಹೊಸಹಳ್ಳಿ ಕಡೆಯ ಹಾಡಿಯ ಹುಡುಗಿ, ಅಜ್ಜಿಯನ್ನು ಹಾಡಿಯಲ್ಲಿ ಬಿಟ್ಟು ಹಾಸ್ಟೆಲಿನಲ್ಲಿದ್ದು ಓದುವವಳು, ಕಣ್ಣು ಅರ್ಧ ತೆರೆದೇ ಕೂತಿದ್ದಳು. ಕಾಡಂಚಿನಲ್ಲಿ ಆನೆಗೆ ಕಿವಿಗೊಟ್ಟು ಬೆಳೆದ ಕೂಸು, ಟಣ್ಣೆಂದ ತಕ್ಷಣ ಕಣ್ಣು ಮುಚ್ಚು ಅಂದರೆ ಹೇಗೆ ಮುಚ್ಚೀತು? ಮಿಕ್ಕವರನ್ನೂ ಒಬ್ಬೊಬ್ಬರನ್ನೇ ನೋಡಿದೆ. ನಮ್ಮೂರಿನ ಡೈರಿಯ ಹತ್ತಿರದ ಮನೆಯವಳು. ಕೆರೆ ಏರಿಯ ಕೆಳಗಿನವಳು. ಎಲ್ಲ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಬಿಗಿಯಾಗಿ ಹೆಣೆದು, ಬಟ್ಟೆ ಒಗೆದು ಕಳಿಸಿದ ಮಕ್ಕಳು. ಆ ಕೋಣೆಯಲ್ಲಿ ಇದ್ದವೆಲ್ಲ ಅಜ್ಜಿ ಸಾಕಿದ ಮಕ್ಕಳು! ಎಲ್ಲ ಮುದುಕಿಯರೂ ನನ್ನ ಹಾಗೆಯೇ ಹೇಳಿದ್ದರು.

ಎದುರುಮನೆಯ ಹುಡುಗಿ ಮಾತ್ರ ಅಲ್ಲಿರಲಿಲ್ಲ. ಅವಳು ಹಸಿರಂತೆ. ಹೋದ ವರ್ಷ ನನ್ನ ಮೊಮ್ಮಗಳ ಮುಂಗೈ ಕಚ್ಚಿ ಹಲ್ಲಿನ ಗುರುತು ಮೂಡಿಸಿದವಳು, ಅವಳು ಹಸಿರು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಅವರ ಮನೆಯಲ್ಲಿ ಯಾರೂ ಸಿಕ್ಕದೆ, ಕೆ.ಆರ್. ನಗರದಲ್ಲಿ ಹೋಟೆಲು ಕೆಲಸದಲ್ಲಿರುವ ಸೋದರಮಾವನಿಗೆ ಫೋನು ಮಾಡಿ ಕೇಳಿದ್ದಾರೆ. ಅವನು ದೋಸೆ ಹುಯ್ಯುತ್ತಾ "ಎಲ್ಲಾ ಚೆನ್ನಾಗೈತೆ, ಎಲ್ಲಾ ಚೆನ್ನಾಗೈತೆ, ಬರ್ಕಳಿ" ಅಂದಿದ್ದಾನೆ. ಅವಳು ಎಷ್ಟನೇ ಕ್ಲಾಸು ಅಂತ ಕೇಳಿದರೆ ಅವನಿಗೆ ಗೊತ್ತಿರಲಾರದು.

ಟಣ್ಣೆಂದಿತು. ಮಕ್ಕಳು ಎದ್ದು ಓಡಿದವು. ಅಷ್ಟು ಹೊತ್ತಿಗೆ ಖೊಖೊ ಮುಗಿದಿತ್ತು. ಬಟ್ಟಲು ಹಿಡಿದು ಹೊರಗೆ ಬಂದ ಅಳತೆ ಹುಡುಗಿ ನನ್ನನ್ನು ನೋಡಿ ನಕ್ಕಳು.

"ಅಜ್ಜಿ, ಮಗೂನ ನೋಡೋಕೆ ಬಂದ್ರಾ?"

"ಮಗೂನ ಬುಡ್ಸೋಕ್ ಬಂದೆ. ನಾನ್ ಅವತ್ ಏಳಿದ್ದೆಲ್ಲ ಸುಳ್ಳು. ಅಳಿಸ್ಬುಡು."

"ಸುಳ್ಳಾ? ನೀವೇ ಹೇಳಿದ್ದಲ್ವಾ ಅಜ್ಜಿ?"

"ಏಳ್ದೆ. ಕೂಸು ಚೆನ್ನಾಗೈತೆ ಅಂತ ಯಾರಾದ್ರೂ ಬಾಯ್ಬುಟ್ಟು ಏಳ್ತಾರಾ? ನಿಮ್ಮಜ್ಜಿ ಏಳ್ತಿದ್ರಾ?"

"ನಮ್ಮಜ್ಜಿ ನನ್ನ ಕರಿಮೂತಿ ಅಂತ ಕರೀತಿದ್ರು" ಅಂದು ನಕ್ಕುಬಿಟ್ಟಳು. ಸದ್ಯ, ಅರ್ಥವಾಯಿತಲ್ಲ ಅಂದುಕೊಂಡೆ. ಎಲ್ಲಿಯ ಮಾತು! ನಗು ಮುಗಿಸಿ, "ಆದ್ರೆ ಅದು ಬೇರೆ ಅಜ್ಜಿ, ಇದು ಡೇಟಾ" ಅಂದಳು.

"ಏನಾದ್ರೂ ಆಗ್ಲಿ. ತಪ್ಪಾಗೈತೆ, ತಿದ್ದು."

"ಮೊದಲನೇ ಅಳತೆ ತಿದ್ದೋ ಹಾಗಿಲ್ಲ. ಅದನ್ನ ತಿದ್ದಿದ್ರೆ ಕಾರ್ಯಕ್ರಮದಿಂದ ಎಷ್ಟು ಬದಲಾವಣೆ ಆಯ್ತು ಅಂತ ಗೊತ್ತಾಗೋದು ಹೇಗೆ?"

"ತಳ ತೂತಾಗಿರೋ ಪಾವಲ್ಲಿ ಅಕ್ಕಿ ಅಳ್ದು ಮೊದ್ಲು ಇಷ್ಟಿತ್ತು ಅಂತ ಬರ್ಕಂಡಿದ್ದೀಯ. ಆಮೇಕೆ ಏನ್ ಅಳೀತೀಯ ನೀನು?"

ಅವಳು ಫೋನು ತೆಗೆದು ತೋರಿಸಿದಳು. ಮಕ್ಕಳ ಪೇಪರಿನಲ್ಲಿ ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ ಇದ್ದವಂತೆ. ನನ್ನ ಮೊಮ್ಮಗಳು ಎಲ್ಲದಕ್ಕೂ ನಗುವ ಮುಖಕ್ಕೇ ಗೆರೆ ಹಾಕಿದ್ದಾಳೆ. ಮನೆಯಿಂದ ನೋಡಿದರೆ ಎಲ್ಲ ಅಳುವ ಮುಖ. ಮಗು ಒಳಗಿನ ದುಃಖ ಮುಚ್ಚಿಡುತ್ತಿದೆ ಅಂತ ಫೋನೇ ತೀರ್ಮಾನ ಮಾಡಿ ಇನ್ನೂ ಗಾಢ ಕೆಂಪು ಕೊಟ್ಟಿದೆ. "ಮಕ್ಕಳು ಮುಚ್ಚಿಡ್ತಾರೆ ಅಜ್ಜಿ, ದೊಡ್ಡವರು ನಿಜ ಹೇಳ್ತಾರೆ ಅಂತ ಲೆಕ್ಕ" ಅಂದಳು. ನನಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಈ ಲೆಕ್ಕ ಮಾಡಿದವರು ಯಾವ ಅಜ್ಜಿಯ ಕೈಯಲ್ಲಿ ಬೆಳೆದವರೋ!

ಒಂದೇ ಒಂದು ದಾರಿ ಇತ್ತು. ಮಧ್ಯದ ಅಳತೆ ಜುಲೈ ಕೊನೆಗೆ. ಅದರಲ್ಲಿ ಮನೆಯವರು ಒಳ್ಳೆಯದು ಹೇಳಿದರೆ ಫೋನೇ ಮಗುವನ್ನು ಹಸಿರಿಗೆ ತರುತ್ತದೆ, ಆಮೇಲೆ ಕೋಣೆಯಲ್ಲಿ ಕೂರಬೇಕಾಗಿಲ್ಲ. ಅಲ್ಲಿಂದ ಹೋಬಳಿ ಪಂದ್ಯಕ್ಕೆ ಎರಡು ವಾರ ಉಳಿಯುತ್ತದೆ. ಅಷ್ಟರಲ್ಲಿ ಪ್ರಾಕ್ಟೀಸಿಗೆ ಬಂದರೆ ನೋಡೋಣ ಅಂದರು ಪಿ.ಟಿ. ಮೇಷ್ಟ್ರು.

ಅಂದರೆ ನಾನು ಗುರುತಿಲ್ಲದವಳ ಎದುರಿಗೆ ಕೂತು, ಬರೆದುಕೊಳ್ಳುವವಳ ಎದುರಿಗೆ, ನನ್ನ ಕೂಸನ್ನು ಬಾಯಿ ತುಂಬಾ ಹೊಗಳಬೇಕು.

ಸಾಯಂಕಾಲ ಡೈರಿಯಲ್ಲಿ ಹಾಲು ಹಾಕಲು ನಿಂತಿದ್ದ ಹೆಂಗಸರಿಗೆ ವಿಚಾರ ಹೇಳಿದೆ. ಕೆಂಪು ಬಿದ್ದ ಮಕ್ಕಳ ಅಜ್ಜಿಯರು ನಾನೂ ಸೇರಿ ಅಲ್ಲೇ ಮೂವರಿದ್ದೆವು. ಕೆರೆ ಏರಿಯವಳು ಕ್ಯಾನು ಕೆಳಗಿಟ್ಟು, "ಅಯ್ಯೋ, ನನ್ ಕೈಲಾಗಲ್ಲ ಕಣಕ್ಕ. ನಾಲ್ಗೆ ಒಳಗೇ ಸೇರ್ಕತದೆ" ಅಂದಳು.

ಡೈರಿ ಪಕ್ಕದ ಮನೆಯವಳು, "ನಿನ್ ಮೊಮ್ಮಗ್ಳು ಓಡ್ಬೇಕು ಅಂತ ನಮ್ ಮಕ್ಳಿಗೆ ಯಾಕ್ ದೃಷ್ಟಿ ಬೀಳಿಸ್ತೀಯ? ಕಣ್ಮುಚ್ಕಂಡ್ ಕೂತ್ರೆ ಕೂತ್ಕಳ್ಳಿ ಬುಡು. ನಮ್ದು ಮನೇಗ್ ಬಂದ್ರೂ ಟೀವಿ ಮುಂದೆ ಕೂರೋದೇಯ" ಅಂದಳು.

"ಗುಂಡ್ಗುಂಡಾಗಿರೋ ಮಗೀನ ಒಣಕ್ಲು ಅಂತ ಬರೆಸಿದ್ದೀಯಲ್ಲ, ನಾಳೆ ಮಾತ್ರೆ ಕೊಡ್ತಾರೆ, ನುಂಗ್ಸು" ಅಂದೆ.

"ಗುಂಡ್ಗುಂಡಾಗೈತಾ? ನಿನ್ ಬಾಯಿಗ್ ಮಣ್ಣಾಕ! ತೂ ತೂ ಅನ್ನು ಮೊದ್ಲು!"

ಅನ್ನಬೇಕಾಯಿತು. ತೂ ತೂ ಅಂದು ಅವಳನ್ನು ಸಮಾಧಾನ ಮಾಡಿದ್ದಾಯಿತು. ಹಾಲು ಅಳೆಯುವವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕೊನೆಗೆ ಕೆರೆ ಏರಿಯವಳೇ ಒಂದು ಉಪಾಯ ಹೇಳಿದಳು. "ಎಡಗೈಲಿ ಕಲ್ಲುಪ್ಪು ಹಿಡ್ಕಂಡ್ ಏಳು. ಆಡಿದ್ ಮಾತೆಲ್ಲ ಉಪ್ಪಿಗೆ ಇಳೀತದೆ. ಆಮೇಕೆ ನೀರಿಗಾಕು." ಅವಳೂ ಹಾಗೆ ಮಾಡುತ್ತಾಳಾ ಅಂದರೆ, "ಮೊದ್ಲು ನಿಂದ್ ನೋಡ್ತೀನಿ" ಅಂದಳು.

ಜುಲೈ ಕೊನೆಗೆ ಹುಡುಗಿ ಬಂದಳು. ಈ ಸಲ ತಾನಾಗಿಯೇ ಪಕ್ಕದಲ್ಲಿ ಕೂತಳು. ನಾನು ಮುಂಚೆಯೇ ಒಳಗೆ ಹೋಗಿ ಮಡಕೆಯಿಂದ ಒಂದು ಹಿಡಿ ಕಲ್ಲುಪ್ಪು ತಂದು ಎಡಗೈ ಮುಷ್ಟಿಯಲ್ಲಿಟ್ಟು ಸೆರಗಿನಿಂದ ಮುಚ್ಚಿಕೊಂಡಿದ್ದೆ. ಮೊಮ್ಮಗಳಿಗೆ ಹಿತ್ತಿಲಲ್ಲಿ ಪಾತ್ರೆ ತಿಕ್ಕು ಅಂತ ಹೇಳಿದ್ದೆ. ತಿಕ್ಕುವ ಸದ್ದು ಒಂದು ಗಳಿಗೆ ಕೇಳಿಸಿತು. ಆಮೇಲೆ ನಿಂತಿತು.

"ಮಗು ಚೆನ್ನಾಗಿ ಊಟ ಮಾಡ್ತಾಳಾ ಅಜ್ಜಿ?"

ಬಾಯಿ ಬರಲಿಲ್ಲ. ನಿಜವಾಗಿಯೂ ಬರಲಿಲ್ಲ. ಒಂದು ಸಲ ಕೆಮ್ಮಿದೆ.

"ಮಾಡ್ತದೆ."

"ಯಾವಾಗಲೂನಾ, ಆಗಾಗಾನಾ?"

"ಯಾವಾಗ್ಲೂ. ಎರಡು ಮುದ್ದೆ. ಕೆಲವ್ ದಿನ ಮೂರು."

"ನಿದ್ದೆ?"

"ಕಲ್ಲು ಬಿದ್ದಂಗ್ ಬೀಳ್ತದೆ. ಎಬ್ಬಿಸ್ಬೇಕಾದ್ರೆ ನೀರ್ ಚುಮುಕಿಸ್ಬೇಕು."

"ಖುಷಿಯಾಗಿರ್ತಾಳಾ?"

"ಒಬ್ಳೇ ಇದ್ರೂ ನಗ್ತಿರ್ತದೆ. ಯಾಕೆ ಅಂತ ಕೇಳಿದ್ರೆ ಏನೂ ಇಲ್ಲ ಅಂತದೆ."

ಒಂದೊಂದು ಮಾತಿಗೂ ಮುಷ್ಟಿ ಬಿಗಿ ಮಾಡುತ್ತಿದ್ದೆ. ಉಪ್ಪು ಬೆವರಿಗೆ ಕರಗಿ ಬೆರಳ ಸಂದಿಯಲ್ಲಿ ಉರಿಯುತ್ತಿತ್ತು. ಬೆಳಿಗ್ಗೆ ಈರುಳ್ಳಿ ಕೊಯ್ಯುವಾಗ ಗಾಯವಾಗಿತ್ತು, ಅದು ಬೇರೆ. ಗೆಳತಿಯರು ಅಂದಳು, ಊರು ತುಂಬಾ ಅಂದೆ. ಓದು ಅಂದಳು, ಮೇಷ್ಟ್ರು ಬಯ್ಯೋದಿಲ್ಲ ಅಂದೆ. ಸಿಟ್ಟು ಅಂದಳು, ನನಗಿಂತ ಕಮ್ಮಿ ಅಂದೆ. ಮುಗಿಯಿತು ಅಂದುಕೊಂಡರೆ ಕೊನೆಗೊಂದು ಹೊಸ ಪ್ರಶ್ನೆ. ಮಗುವಿನ ಬಗ್ಗೆ ನಿಮಗೆ ಹೆಮ್ಮೆ ಅನ್ನಿಸುವ ಒಂದು ವಿಷಯ ಹೇಳಿ. ಅದಕ್ಕೆ ಮೂರು ಮನೆ ಇರಲಿಲ್ಲ. ಬಾಯಲ್ಲೇ ಹೇಳಬೇಕಂತೆ, ಹೇಳಿದ್ದನ್ನು ಹಾಗೆಯೇ ಬರೆಯುತ್ತಾರಂತೆ.

"ಅದೊಂದ್ ಬುಡು" ಅಂದೆ.

"ಬಿಟ್ರೆ ಫಾರ್ಮು ಮುಂದಕ್ಕೇ ಹೋಗಲ್ಲ ಅಜ್ಜಿ."

ಬೀದಿ ಕಡೆ ನೋಡಿದೆ. ಯಾರೂ ಇರಲಿಲ್ಲ. "ಓದ ದೀಪಾವಳೀಲಿ ನನ್ ಮಂಡಿ ಊದ್ಕಂಡು ಮಲ್ಗಿದ್ದೆ. ಅಸ ಕರೆಯೋರಿರ್ಲಿಲ್ಲ. ಈ ಕೂಸು ಯಾರ್ ಏಳ್ದೇನೂ ಎದ್ದು ಕರ್ದು, ಡೈರಿಗಾಕಿ, ಸ್ಕೂಲಿಗೋಯ್ತಿತ್ತು. ಇಪ್ಪತ್ ದಿನ. ಒಂದಿನಾನೂ ಅಂದ್ ತೋರಿಸ್ಲಿಲ್ಲ. ಸಾಕಾ?"

"ಸಾಕು ಅಜ್ಜಿ" ಅಂದಳು ಹುಡುಗಿ. ಬರೆದುಕೊಂಡು, ಫೋನು ಒತ್ತಿ, ಕಣ್ಣರಳಿಸಿದಳು. "ಅಬ್ಬಾ! ಎಂಥ ಬದಲಾವಣೆ! ಒಂದೂವರೆ ತಿಂಗಳಲ್ಲಿ!"

"ಬದಲಾಗಿದ್ದು ನನ್ ಬಾಯಿ ಕಣವ್ವ, ಕೂಸಲ್ಲ. ದೀಪಾವಳಿ ನಿಮ್ ಟಣ್ಣು ಬರೋಕ್ ಮುಂಚೆ ಆದದ್ದು. ಅದ್ನೂ ಬರ್ಕೊ."

"ಅದಕ್ಕೆ ಕಾಲಂ ಇಲ್ಲ ಅಜ್ಜಿ."

ಅವಳು ಹೋದ ಮೇಲೆ ಉಪ್ಪನ್ನು ನೀರಿಗೆ ಹಾಕಿ, ಯಾರೂ ತುಳಿಯದ ಕಡೆ ಚೆಲ್ಲಿ ಬಂದೆ. ಮೊಮ್ಮಗಳು ಹಿತ್ತಿಲ ಬಾಗಿಲಲ್ಲಿ ಬೂದಿ ಮೆತ್ತಿದ ಕೈಯಲ್ಲಿ ನಿಂತಿದ್ದಳು. ಮುಖದ ತುಂಬಾ ಆ ನಗು.

"ಅಜ್ಜಿ, ನೀನಂದದ್ದು ನಿಜವಾ?"

"ಫಾರ್ಮಿಗೆ ಏಳ್ದೆ. ಓಗು, ತಪ್ಪಲೆ ತಳ ಇನ್ನೂ ಕರೀಗೈತೆ."

ಫೋನು ಅವಳನ್ನು ಹಸಿರಿಗೆ ತಂದಿತು. ಶುಕ್ರವಾರ ಮೈದಾನಕ್ಕೆ ಹೋದಳು. ಕೆರೆ ಏರಿಯವಳೂ ನಾಲ್ಕು ದಿನ ಬಿಟ್ಟು ಉಪ್ಪು ಹಿಡಿದಳಂತೆ. ಡೈರಿ ಪಕ್ಕದವಳು ಮಾತ್ರ ಹಿಡಿಯಲಿಲ್ಲ. ಅವಳ ಮೊಮ್ಮಗಳು ಈಗಲೂ ಸೈನ್ಸ್ ರೂಮಿನಲ್ಲಿದ್ದಾಳೆ. ಕೇಳಿದರೆ, "ಅಲ್ಲಿ ಫ್ಯಾನೈತೆ, ತಂಪಾಗೈತಂತೆ" ಅನ್ನುತ್ತಾಳೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆಗಸ್ಟ್ ಮೊದಲ ವಾರ ಸ್ಕೂಲಿನಲ್ಲಿ ಪೋಷಕರ ಸಭೆ ಕರೆದರು. ಗೋಡೆಗೆ ದೊಡ್ಡದೊಂದು ಬಟ್ಟೆ ಬ್ಯಾನರು. ಅದರಲ್ಲಿ ಒಂದು ಗಿಡ್ಡ ಕೆಂಪು ಕಂಬ, ಅದರ ಪಕ್ಕದಲ್ಲಿ ಎತ್ತರದ ಹಸಿರು ಕಂಬ. ಮೈಸೂರಿನಿಂದ ಬಂದ ಸಾಹೇಬರೊಬ್ಬರು ಕಡ್ಡಿ ಹಿಡಿದು, ಈ ಗಿಡ್ಡದ್ದು ಮೊದಲು, ಈ ಎತ್ತರದ್ದು ಈಗ, ಇಷ್ಟೂ ನಮ್ಮ ಕಾರ್ಯಕ್ರಮದ ಫಲ ಅಂತ ವಿವರಿಸಿದರು. ಪಕ್ಕದಲ್ಲಿ ನನ್ನ ಮೊಮ್ಮಗಳು ಕಣ್ಣು ಮುಚ್ಚಿ ಕೂತ ಫೋಟೋ. ಹುಬ್ಬು ಗಂಟು ಹಾಕಿಕೊಂಡಿರುವುದು ಅದರಲ್ಲೂ ಕಾಣುತ್ತಿತ್ತು. ಅತಿ ಹೆಚ್ಚು ಬದಲಾದ ಮಗು ಅಂತ ಅವಳ ಅಜ್ಜಿಯಾದ ನನ್ನನ್ನು ಎರಡು ಮಾತಾಡಿ ಅಂತ ಎಬ್ಬಿಸಿದರು.

ನಾನು ಎದ್ದು ನಿಂತು ನೇರವಾಗಿ ಹೇಳಿದೆ. "ಸ್ವಾಮಿ, ಮೊದ್ಲು ನಾನು ಕೂಸು ಚೆನ್ನಾಗಿಲ್ಲ ಅಂದೆ, ಅದು ಸುಳ್ಳು. ಆಮೇಕೆ ಚೆನ್ನಾಗೈತೆ ಅಂದೆ, ಅದು ನಿಜ. ಕೂಸು ಎರಡೂ ಸಲ ಒಂದೇ ಕೂಸು. ನೀವು ಅಳ್ದಿರೋದು ನನ್ನ" ಅಂತ ಹೇಳುತ್ತಿರುವಾಗಲೇ ಚಪ್ಪಾಳೆ ಬಿತ್ತು. ನಾನು ಕೈಯೆತ್ತಿ ನಿಲ್ಲಿಸಿ, "ಇನ್ನೂ ಮುಗಿದಿಲ್ಲ ಕಣ್ರೀ" ಅಂದೆ. ಅದಕ್ಕೂ ಚಪ್ಪಾಳೆ. ಸಾಹೇಬರು ಮೈಕು ತೆಗೆದುಕೊಂಡು, ಅಜ್ಜಿ ಎಷ್ಟು ಮುಕ್ತವಾಗಿ ಮಾತಾಡುತ್ತಾರೆ ನೋಡಿ, ಮನೆಯವರ ಮೇಲೂ ಪರಿಣಾಮ ಆಗಿದೆ ಅಂದರು. ಹೆಡ್ ಮೇಷ್ಟ್ರು ನನ್ನ ಮುಖ ನೋಡಲಾರದೆ ನೆಲ ನೋಡಿದರು. ಅಳತೆ ಹುಡುಗಿ ಹಿಂದಿನ ಬೆಂಚಿನಲ್ಲಿ ತುಟಿ ಕಚ್ಚಿಕೊಂಡು ಕೂತಿದ್ದಳು. ಬಿಸ್ಕತ್ತು ಕೊಟ್ಟರು. ನಾನು ತಿನ್ನಲಿಲ್ಲ.

ಕಣ್ಣು ಮುಚ್ಚಿ ಕೂರುವುದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಕ್ಕಳು ಹತ್ತು ನಿಮಿಷ ಬಾಯಿ ಮುಚ್ಚಿದರೆ ಯಾರಿಗೆ ನಷ್ಟ? ನನಗೆ ಸಿಟ್ಟು ಬರುವುದು ಆ ಕಂಬದ ಮೇಲೆ. ಮಗುವನ್ನು ನೋಡಿಯೇ ಇಲ್ಲ, ಮಗುವಿನ ಬಗ್ಗೆ ಮುದುಕಿ ಆಡಿದ ಮಾತನ್ನು ನೋಡಿದ್ದಾರೆ. ಆ ಮಾತು ಯಾವ ಭಯದಿಂದ ಬಂತು ಅಂತ ಕೇಳಲೂ ಇಲ್ಲ. ಹೇಳಲು ಹೋದರೆ ಚಪ್ಪಾಳೆ.

ಹೋಬಳಿ ಪಂದ್ಯಕ್ಕೆ ನಾನೂ ಹೋದೆ. ಹೋಗಬಾರದು ಅಂದುಕೊಂಡಿದ್ದೆ, ಸೊಸೆ ರಜೆ ಹಾಕಿ ಹೊರಟಳು, ನಾನೊಬ್ಬಳು ಮನೆಯಲ್ಲಿ ಕೂತು ಏನು ಮಾಡುವುದು. ಮೋಡ ಮುಚ್ಚಿದ ದಿನ, ಮೈದಾನದ ಮಣ್ಣು ಅರ್ಧ ಹಸಿ. ಸುಣ್ಣದ ಗೆರೆಯ ಆಚೆ ಹೆಂಗಸರ ನಡುವೆ ನಿಂತೆ. ಸೆರಗಿನ ತುದಿಯಲ್ಲಿ ಒಂದು ಹಿಡಿ ಕಲ್ಲುಪ್ಪು ಗಂಟು ಕಟ್ಟಿಕೊಂಡಿದ್ದೆ. ಅದನ್ನು ಸೊಸೆಗೆ ಹೇಳಿರಲಿಲ್ಲ.

ತಪ್ಪಿಸಿಕೊಂಡು ಓಡುವ ಸರದಿ ನಮ್ಮ ಹುಡುಗಿಯರದ್ದು. ಮೂರು ಮೂರು ಜನ ಒಳಗೆ ಹೋಗುತ್ತಾರೆ. ನಮ್ಮವಳು ಕೊನೆಯ ಮೂವರಲ್ಲಿ. ಗೆರೆಯ ಪಕ್ಕ ನಿಂತು ಕಾಯುತ್ತಿದ್ದಳು. ಮುಂದಿನವರು ಔಟಾಗುತ್ತಿದ್ದ ಹಾಗೆ ಜನ ಕಿರುಚುತ್ತಿದ್ದರು, ಪಿ.ಟಿ. ಮೇಷ್ಟ್ರು ಎಗರಾಡುತ್ತಿದ್ದರು. ಆಗ ಅವಳು ಕಣ್ಣು ಮುಚ್ಚಿದಳು. ಒಂದು ಉಸಿರು ಒಳಗೆ, ಒಂದು ಉಸಿರು ಹೊರಗೆ. ಹುಬ್ಬಿನಲ್ಲಿ ಗಂಟಿರಲಿಲ್ಲ. ಕಣ್ಣು ಬಿಟ್ಟಳು, ಒಳಗೆ ಹೋದಳು. ಅದನ್ನು ನಾನು ನೋಡಿದೆ. ಅಲ್ಲಿ ಯಾರೂ ಫೋನು ಹಿಡಿದು ಅದನ್ನು ಬರೆದುಕೊಳ್ಳುತ್ತಿರಲಿಲ್ಲ.

ಜೊತೆಗೆ ಹೋದ ಇಬ್ಬರು ಬೇಗ ಔಟಾದರು. ಇವಳೊಬ್ಬಳೇ ಉಳಿದಳು. ಎಡಕ್ಕೆ ಹೋದಂತೆ ಮಾಡಿ ಬಲಕ್ಕೆ, ಕಂಬದ ಹತ್ತಿರ ಹಿಡಿಯಲು ಹಾರಿ ಬಿದ್ದವಳ ಕೈ ಇವಳ ಲಂಗದ ಅಂಚನ್ನೂ ಮುಟ್ಟಲಿಲ್ಲ. ಹಸಿ ಮಣ್ಣಲ್ಲಿ ಒಂದು ಸಲ ಜಾರಿದಳು. ಮಂಡಿ ತರಚಿಕೊಂಡೇ ಎದ್ದು ಓಡಿದಳು. ಸೀಟಿ ಊದುವವರೆಗೂ ಯಾರ ಕೈಗೂ ಸಿಕ್ಕಲಿಲ್ಲ. ನಮ್ಮವರು ಒಂದು ಪಾಯಿಂಟಿನಲ್ಲಿ ಗೆದ್ದರು.

ಪಕ್ಕದಲ್ಲಿ ನಿಂತಿದ್ದ ಹೆಂಗಸು, ಬೇರೆ ಊರಿನವಳು, ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಅಬ್ಬಬ್ಬಾ, ಯಾರ್ ಮಗ್ಳವ್ವ ಅದು? ಜಿಂಕೆ ಥರ ಓಡ್ತದಲ್ಲ!"

ಮೊಮ್ಮಗಳು ಮಣ್ಣು ಮೆತ್ತಿದ ಮೈಯಲ್ಲಿ ನನ್ನ ಕಡೆಗೇ ಓಡಿ ಬರುತ್ತಿದ್ದಳು. ನಾನು ಸೆರಗಿನ ಗಂಟು ಬಿಗಿಯಾಗಿ ಹಿಡಿದುಕೊಂಡೆ.

"ಯಾರ್ದೋ ಏನೋ ಬುಡಿ" ಅಂದೆ. "ಓಡಕ್ಕೂ ನೆಟ್ಟಗ್ ಬರಲ್ಲ, ನೋಡಿ, ಬಿದ್ ಮಂಡಿ ಒಡ್ಕಂಡೈತೆ."